ವಿಪತ್ತಿನ ಪಟ್ಟಿಯಲ್ಲಿ ಇವರ ಹೆಸರೂ ಇರಲಿ

ಆಟಿಸಂ ಇರುವ ಮಗುವಿಗೆ ಸಣ್ಣದೊಂದು ಬದಲಾವಣೆಯನ್ನೂ ಮುಂಚಿತವಾಗಿ ಹೇಳಬೇಕು. ಚಿತ್ರ ತೋರಿಸಿ, ದಿನಕ್ಕೆ ಹತ್ತು ಸಲ ಹೇಳಿ ಒಗ್ಗಿಸಬೇಕು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾದ ಲಾಕ್‌ಡೌನ್ ನಡುರಾತ್ರಿಗೆಲ್ಲ ಜಾರಿಗೆ ಬಂತು. ಆ ನಾಲ್ಕು ಗಂಟೆಗಳಲ್ಲಿ ತಂದೆತಾಯಂದಿರು ಮಕ್ಕಳಿಗೆ ಏನೆಂದು ಹೇಳಬೇಕಿತ್ತು?

ನನಗೆ ಪರಿಚಯದ ಮನೆಯೊಂದರಲ್ಲಿ ಹದಿಹರೆಯದ ಹುಡುಗನಿದ್ದಾನೆ, ಮಾತು ಕಡಿಮೆ. ಶಾಲೆ ಮುಚ್ಚಿದ ಮೇಲೂ ಬೆಳಿಗ್ಗೆ ಎಂಟೂವರೆಗೆ ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದ. ವ್ಯಾನು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಕಚ್ಚಿಕೊಳ್ಳಲು ಶುರು. ಅವನು ತಿನ್ನುತ್ತಿದ್ದ ಬಿಸ್ಕತ್ತು ಅಂಗಡಿಯಲ್ಲಿ ಖಾಲಿಯಾದಾಗ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಸಂಜೆ ಒಂದು ಸುತ್ತು ನಡೆಯದಿದ್ದರೆ ರಾತ್ರಿ ನಿದ್ದೆಯಿಲ್ಲ. ಅವನ ತಾಯಿ ಅಂಗವೈಕಲ್ಯದ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ಅವನನ್ನು ಹೊರಗೆ ಕರೆದೊಯ್ಯುತ್ತಿದ್ದರು. ಬೀದಿಯಲ್ಲಿ ಲಾಠಿ ಹಿಡಿದವರಿಗೆ ಅದನ್ನು ಓದುವ ವ್ಯವಧಾನ ಇರಲಿಲ್ಲ.

ಥೆರಪಿ ಕೇಂದ್ರಗಳೂ ವಿಶೇಷ ಶಾಲೆಗಳೂ ಬಾಗಿಲು ಹಾಕಿದವು. ಮಾತಿನ ಅಭ್ಯಾಸವನ್ನು ಫೋನಿನಲ್ಲಿ ಅಷ್ಟಿಷ್ಟು ಮುಂದುವರಿಸಬಹುದಿತ್ತು. ಕೈ ಹಿಡಿದು ಕಲಿಸುವ, ಉಯ್ಯಾಲೆಯಲ್ಲಿ ಕೂರಿಸಿ ಮಾಡಿಸುವ ಅಭ್ಯಾಸಗಳನ್ನು ಪರದೆಯ ಮೇಲೆ ಮಾಡಿಸುವುದು ಹೇಗೆ? ಶುಲ್ಕ ನಿಂತ ಕಡೆ ಶಿಕ್ಷಕರ ಸಂಬಳವೂ ನಿಂತಿತು. ಥೆರಪಿಸ್ಟ್, ಟೀಚರ್, ಆಯಾ ಎಲ್ಲರ ಕೆಲಸವೂ ತಾಯಿಯ ಮೇಲೆ ಬಿತ್ತು. ವರ್ಷಗಟ್ಟಲೆ ದುಡಿದು ಕಲಿಸಿದ್ದ ಶೌಚದ ಅಭ್ಯಾಸ ಕೆಲವೇ ವಾರಗಳಲ್ಲಿ ಮರೆತುಹೋದ ಮಕ್ಕಳಿದ್ದಾರೆ. 2021ರ ಎರಡನೇ ಅಲೆ ಇನ್ನೂ ಕಠಿಣವಾಗಿತ್ತು. ಮೂಗಿನೊಳಗೆ ಕಡ್ಡಿ ಹಾಕುವ ಪರೀಕ್ಷೆ, ಮುಖವೇ ಕಾಣದ ಪಿಪಿಇ ಕಿಟ್‌ಗಳು, ಜೊತೆಗೆ ಯಾರನ್ನೂ ಬಿಡದ ವಾರ್ಡುಗಳು. ಸ್ಪರ್ಶಕ್ಕೇ ಬೆಚ್ಚುವ ಮಗುವಿಗೆ ಇದನ್ನೆಲ್ಲ ಹೇಗೆ ಅರ್ಥ ಮಾಡಿಸುವುದು? ‘ನಮ್ಮ ನಂತರ ಇವನನ್ನು ಯಾರು ನೋಡಿಕೊಳ್ಳುತ್ತಾರೆ’ ಎನ್ನುವುದು ಇಂಥ ಪೋಷಕರೆಲ್ಲರ ಮಾತು. ಅಪ್ಪ ಅಮ್ಮ ಇಬ್ಬರಿಗೂ ಪಾಸಿಟಿವ್ ಬಂದ ಮನೆಗಳಲ್ಲಿ ಅದಕ್ಕೆ ಆ ರಾತ್ರಿಯೇ ಉತ್ತರ ಬೇಕಾಗಿತ್ತು.

ಎಲ್ಲರಿಗೂ ಹೀಗೇ ಆಯಿತೆಂದು ಹೇಳಲಾರೆ. ತರಗತಿಯ ಗದ್ದಲ, ಸಹಪಾಠಿಗಳ ಕೀಟಲೆ ತಪ್ಪಿದ್ದರಿಂದ ನೆಮ್ಮದಿ ಕಂಡ ಮಕ್ಕಳಿದ್ದರು. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿದ್ದು ಕೆಲವು ವಯಸ್ಕರಿಗೆ ವರವಾಯಿತು. ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಸುತ್ತಲಿನ ವ್ಯವಸ್ಥೆ ಹೊಂದಿಕೊಂಡರೆ ಇವರ ಕಷ್ಟದಲ್ಲಿ ದೊಡ್ಡ ಪಾಲು ಕಡಿಮೆಯಾಗುತ್ತದೆ.

ತುರ್ತು ಸಮಯದಲ್ಲಿ ಎಲ್ಲರಿಗೂ ಒಂದೇ ನಿಯಮ, ಒಬ್ಬೊಬ್ಬರನ್ನೂ ನೋಡುತ್ತ ಕೂರಲಾಗದು ಎನ್ನುವವರಿದ್ದಾರೆ. ಆದರೆ ಸ್ಪೇನ್, ಫ್ರಾನ್ಸ್, ಇಂಗ್ಲೆಂಡ್ ಮೂರೂ ಕೆಲವೇ ವಾರಗಳಲ್ಲಿ ಆಟಿಸಂ ಇರುವವರ ಹೊರಸಂಚಾರಕ್ಕೆ ವಿನಾಯಿತಿ ಕೊಟ್ಟವು. ಸೋಂಕು ಆಗ ಅಲ್ಲಿ ನಮ್ಮಲ್ಲಿಗಿಂತ ಭೀಕರವಾಗಿತ್ತು. ಸ್ಪೇನಿನಲ್ಲಿ ಅನುಮತಿ ಇದ್ದರೂ ಬಾಲ್ಕನಿಗಳಿಂದ ಜನ ಬೈಯುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಕೆಲವು ಪೋಷಕರು ಮಕ್ಕಳ ತೋಳಿಗೆ ನೀಲಿ ಪಟ್ಟಿ ಕಟ್ಟಿದರು. ನೆರೆಹೊರೆಯವರಿಗೆ ಹೆದರಿ ಮಗುವಿಗೆ ಗುರುತು ಕಟ್ಟಬೇಕಾಗಿ ಬಂದದ್ದು ನನಗೆ ತೀರಾ ನೋವಿನ ಸಂಗತಿ. ನಮ್ಮಲ್ಲೂ ಕೇಂದ್ರ ಸರ್ಕಾರ ಅದೇ ಮಾರ್ಚ್ ಕೊನೆಯಲ್ಲಿ ವಿಕಲಚೇತನರ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿತ್ತು. ಅವರನ್ನು ನೋಡಿಕೊಳ್ಳುವವರಿಗೆ ಪಾಸ್ ಕೊಡಬೇಕೆಂಬುದೂ ಅದರಲ್ಲಿತ್ತು. ದೆಹಲಿಯ ಆ ಕಾಗದ ಬಡಾವಣೆಯ ಬ್ಯಾರಿಕೇಡಿನವರೆಗೆ ಬರಲಿಲ್ಲ.

ಲಾಕ್‌ಡೌನ್ ಹೇರಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ. ಅದೇ ಕಾಯ್ದೆಯಡಿ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಈ ಪ್ರಾಧಿಕಾರಕ್ಕೆ ನೇರವಾಗಿ ಒಂದು ಕೆಲಸ ವಹಿಸಿದೆ: ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಟ್ಟು, ಅಪಾಯದ ಸಂದರ್ಭದಲ್ಲಿ ಅವರಿಗೆ ಮಾಹಿತಿ ಮುಟ್ಟಿಸಬೇಕು. ಆ ಕಾಯ್ದೆ ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಜನರನ್ನು ಮನೆಯೊಳಗೆ ಕೂರಿಸಲು ವಿಪತ್ತಿನ ಕಾನೂನು ಒಂದೇ ರಾತ್ರಿಯಲ್ಲಿ ಕೈಗೆ ಸಿಕ್ಕಿತು. ಈ ಸೆಕ್ಷನ್ನೂ ಅಷ್ಟೇ ಸುಲಭವಾಗಿ ಕೈಗೆ ಸಿಗಬೇಕಿತ್ತು.

ಈ ಕೆಲಸಕ್ಕೆ ಹೊಸ ಇಲಾಖೆ ಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಮನೆ ಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಯಾವ ಮನೆಯಲ್ಲಿ ಯಾವ ಮಗುವಿದೆ, ಅದಕ್ಕೆ ಏನು ಆಗಿಬರುವುದಿಲ್ಲ, ಪೋಷಕರು ಆಸ್ಪತ್ರೆ ಸೇರಿದರೆ ಯಾರನ್ನು ಕರೆಯಬೇಕು ಎಂಬುದನ್ನು ಅವರು ಈಗಲೇ ಬರೆದಿಡಬಹುದು. ಮಗುವಿನ ಜೊತೆಗೆ ವಾರ್ಡಿನಲ್ಲಿ ಒಬ್ಬರು ಇರಬಹುದೆಂಬ ಲಿಖಿತ ಆದೇಶ ಆಸ್ಪತ್ರೆಗಳಲ್ಲಿ ಈಗಲೇ ಇರಬೇಕು. ಸಾಂಕ್ರಾಮಿಕ ಬಂದ ಮೇಲೆ ಇದನ್ನೆಲ್ಲ ಮಾಡುವ ಪುರಸೊತ್ತು ಯಾರಿಗೂ ಇರುವುದಿಲ್ಲ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಡಿ. 8ನೇ ಸೆಕ್ಷನ್ ಹೇಳುವ ದಾಖಲೆ ನಮ್ಮ ಜಿಲ್ಲೆಯಲ್ಲಿ ಇದೆಯೇ, ಅದರಲ್ಲಿ ಈ ಮಗುವಿನ ಹೆಸರಿದೆಯೇ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.