‘ನಮಗೇನೂ ಬೇಡ, ಮದುವೆ ಚೆನ್ನಾಗಿ ಮಾಡಿಕೊಡಿ’

ಮದುವೆ ಮನೆಗಳಲ್ಲಿ ಸಂಸ್ಕೃತಿ ಹಾಳಾಗುತ್ತಿದೆ ಎಂಬ ಕೂಗು ಈಗ ಎಲ್ಲ ಸಮಾಜಗಳಲ್ಲೂ ಎದ್ದಿದೆ. ಮದುಮಗ ಗಡ್ಡ ಬಿಟ್ಟು ಮುಹೂರ್ತಕ್ಕೆ ಕೂರಬಾರದು, ಮದುಮಗಳು ಕೂದಲು ಬಿಚ್ಚಿಕೊಂಡಿರಬಾರದು ಎಂದು ಪೊನ್ನಂಪೇಟೆಯ ಕೊಡವ ಸಮಾಜ ಕೆಲವು ವರ್ಷಗಳ ಹಿಂದೆ ಕಟ್ಟಳೆ ಮಾಡಿತು. ಕೇಕು, ಶಾಂಪೇನುಗಳ ಮೇಲೂ ಹಿರಿಯರ ಕಣ್ಣು ಬಿದ್ದಿದೆ. ಕರಾವಳಿಯಲ್ಲಿ ಮೆಹಂದಿ ರಾತ್ರಿಯ ಡಿಜೆ ಮತ್ತು ಗುಂಡುಪಾರ್ಟಿ ನಿಲ್ಲಿಸಿ ಎಂದು ಸಮುದಾಯದ ಮುಖಂಡರು ವೇದಿಕೆ ಸಿಕ್ಕಾಗಲೆಲ್ಲ ಹೇಳುತ್ತಾರೆ. ಬಯಲುಸೀಮೆಯಲ್ಲಿ ದೂರು ಬೇರೆ: ನಮ್ಮ ಅರಿಶಿನ ಶಾಸ್ತ್ರ ಹೋಗಿ ಉತ್ತರದವರ ಹಳದಿ ಬಂತು, ಸಂಗೀತ್ ಬಂತು.

ಈ ಸಿಟ್ಟು ಸುಳ್ಳಲ್ಲ, ಆದರೆ ಗುರಿ ತಪ್ಪಿದೆ. ಕೇಕು ಎಷ್ಟು ರೂಪಾಯಿಯದು? ಛತ್ರದ ಬಾಡಿಗೆ, ಹೂವಿನ ಅಲಂಕಾರ, ಕೇಟರಿಂಗು, ಡ್ರೋನ್ ಕ್ಯಾಮೆರಾ, ಬಂದವರಿಗೆಲ್ಲ ತಾಂಬೂಲದ ಚೀಲ, ಇವುಗಳ ಮುಂದೆ ಕೇಕಿನದ್ದು ಚಿಲ್ಲರೆ ಲೆಕ್ಕ. ಕಟ್ಟಳೆ ಬರೆಯುವ ಹಿರಿಯರು ಈ ದೊಡ್ಡ ಬಿಲ್ಲಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಛತ್ರ ಗೊತ್ತು ಮಾಡುವವರು ಹುಡುಗ ಹುಡುಗಿಯಲ್ಲ, ಅವರೇ.

2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಗುತ್ತಿಗೆ ವೈದ್ಯರೊಬ್ಬರು ಪ್ರಿ-ವೆಡ್ಡಿಂಗ್ ಶೂಟ್ ಮಾಡಿಸಿ ಕೆಲಸ ಕಳೆದುಕೊಂಡರು. ರಾಜ್ಯವೆಲ್ಲ ನಕ್ಕಿತು, ಬೈಯಿತು. ಅದೇ ರಾಜ್ಯ 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಎಂಟೇ ದಿನಕ್ಕೆ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಾರ್ದನ ರೆಡ್ಡಿ ಅವರು ಮಗಳಿಗೆ ಮಾಡಿದ ಮದುವೆಯನ್ನು ಬಾಯಿ ಬಿಟ್ಟು ನೋಡಿತು. ವಿಜಯನಗರದ ವೈಭವದ ಸೆಟ್ಟು, ಪರದೆ ಇರುವ ಆಹ್ವಾನ ಪತ್ರಿಕೆ. ಉಳಿದವರ ಪಾಡು? ತಮ್ಮದೇ ಖಾತೆಯಿಂದ ಮದುವೆ ಖರ್ಚಿಗೆ ಎರಡೂವರೆ ಲಕ್ಷ ತೆಗೆಯಲು ಲಗ್ನಪತ್ರಿಕೆ ಹಿಡಿದು ಬ್ಯಾಂಕಿನ ಮುಂದೆ ನಿಲ್ಲಬೇಕಾಯಿತು. ಅಕ್ಷತೆ ಹಾಕಲು ಅರಮನೆ ಮೈದಾನಕ್ಕೆ ಹೋದ ರಾಜಕಾರಣಿಗಳಿಗೆ ಯಾವ ಸಮಾಜವೂ ಬುದ್ಧಿ ಹೇಳಿದ್ದು ನೆನಪಿಲ್ಲ.

ಹಿಂದೆ ಎಲ್ಲವೂ ಚೆಂದವಿತ್ತು ಎಂದು ನಾನು ಹೇಳುತ್ತಿಲ್ಲ. ತಿಂಗಳು ಮೊದಲೇ ಹಪ್ಪಳ ಸಂಡಿಗೆ, ಓಣಿಯ ಗಂಡಸರೆಲ್ಲ ಸೇರಿ ಹಾಕುತ್ತಿದ್ದ ಹಸಿರು ಚಪ್ಪರ, ಹಿಂದಿನ ರಾತ್ರಿ ತರಕಾರಿ ಹೆಚ್ಚುತ್ತ ನಡೆಯುತ್ತಿದ್ದ ಗೇಲಿ, ಸೋದರಮಾವನ ಕಡೆಯ ಸೀರೆ, ಪುಸ್ತಕದಲ್ಲಿ ಬರೆಸಿಕೊಳ್ಳುತ್ತಿದ್ದ ಮುಯ್ಯಿ, ಎಲ್ಲ ನಿಜ. ಮಡಿವಾಳರೂ ತಳವಾರರೂ ವಾಲಗದವರೂ ಕಾಳುಕಡ್ಡಿಗೆ ದುಡಿದು ಪಂಕ್ತಿಯ ಕೊನೆಗೆ ಹೊರಗೆ ಕುಳಿತು ಉಂಡದ್ದೂ ಅಷ್ಟೇ ನಿಜ. ಅವರಿಗೆ ಕೇಟರಿಂಗ್ ಯುಗ ಬಿಡುಗಡೆಯಾಗಿ ಕಂಡಿದ್ದರೆ ತಪ್ಪೇನು? ಆದರೂ ಆ ಮುಯ್ಯಿಗೆ ಒಂದು ಲೆಕ್ಕಾಚಾರವಿತ್ತು. ಇಂದು ಹೆಣ್ಣಿನ ಮನೆಗೆ ಬಂದ ಐವತ್ತು ರೂಪಾಯಿ ನಾಳೆ ಕೊಟ್ಟವರ ಮನೆಗೆ ಹೋಗುತ್ತಿತ್ತು. ಖರ್ಚಿನ ಭಾರವನ್ನು ಬಂಧುಬಳಗ ಬಡ್ಡಿಯಿಲ್ಲದೆ ಹಂಚಿಕೊಳ್ಳುತ್ತಿತ್ತು. ಈಗ ಪತ್ರಿಕೆಯ ಕೆಳಗೆ ‘ಉಡುಗೊರೆ ಸ್ವೀಕರಿಸಲಾಗುವುದಿಲ್ಲ’ ಎಂದು ಅಚ್ಚಾಗುತ್ತದೆ. ಕೇಳಲು ಬಲು ಉದಾರ. ಅಪ್ಪ ಮಾತ್ರ ಚೀಟಿ ಎತ್ತಿ, ಚಿನ್ನ ಅಡವಿಟ್ಟು, ಸಂಘದಲ್ಲೊಂದು ಫೈನಾನ್ಸಿನಲ್ಲೊಂದು ಸಾಲ ಮಾಡಿರುತ್ತಾನೆ. ಕಿರುಸಾಲ ಸಂಸ್ಥೆಗಳ ಕಿರುಕುಳಕ್ಕೆ ತಡೆ ಹಾಕಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಯಾಕೆ ಮಾಡಿದಿರಿ ಎಂದು ಹಳ್ಳಿಯಲ್ಲಿ ಕೇಳಿ ನೋಡಿ. ಬೋರ್‌ವೆಲ್, ಆಸ್ಪತ್ರೆಗಳ ಜತೆಯಲ್ಲೇ ಮಗಳ ಮದುವೆಯ ಮಾತೂ ಬರುತ್ತದೆ.

ಮಗನ ಮದುವೆಯ ಮಾತು ಅಷ್ಟಾಗಿ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಹೆಣ್ಣು ನೋಡಲು ಬಂದ ಮನೆಯವರು ಕಾಫಿ ಲೋಟ ಕೆಳಗಿಟ್ಟು ಹೇಳುವ ಮಾತು ಎಲ್ಲರಿಗೂ ಗೊತ್ತು: ‘ನಮಗೇನೂ ಬೇಡ, ಮದುವೆ ಚೆನ್ನಾಗಿ ಮಾಡಿಕೊಡಿ.’ ವರದಕ್ಷಿಣೆ ಕೇಳದ ದೊಡ್ಡವರು ಎಂದು ಹೆಸರೂ ಬಂತು, ಸಾವಿರ ಜನರ ಊಟವೂ ಗಿಟ್ಟಿತು. ವಧುವರರಿಗೆ ಬಂದ ಉಡುಗೊರೆಗಳ ಪಟ್ಟಿ ಇಡಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ನಿಯಮ ಬಂತು. ಛತ್ರದ ಬಾಡಿಗೆ, ಬೀಗರಿಗೆ ಹಿಡಿದ ಹೋಟೆಲ್ ಕೋಣೆ, ಎಲೆಗೆ ಇಪ್ಪತ್ತೈದು ಬಗೆ, ಇವಾವುವೂ ಆ ಪಟ್ಟಿಗೆ ಹತ್ತುವುದಿಲ್ಲ. ಬಾಗಿಲಲ್ಲಿ ತಡೆದ ವರದಕ್ಷಿಣೆ ಅಡುಗೆಮನೆಯ ಹಿತ್ತಿಲಿನಿಂದ ಒಳಗೆ ಬಂದಿದೆ. ಅದನ್ನೇ ‘ನಮ್ಮ ಸಂಪ್ರದಾಯ’ ಎಂದು ಕರೆಯುವವರು ಕೇಕಿನ ಮೇಲೆ ಕತ್ತಿ ಮಸೆಯುತ್ತಾರೆ.

ಹಾಗಾದರೆ ಸರ್ಕಾರ ತೆರಿಗೆ ಹಾಕಲಿ ಎನ್ನುವವರಿದ್ದಾರೆ. ಸಂಸದೆ ರಂಜೀತ್ ರಂಜನ್ 2017ರಲ್ಲಿ ಮುಂದಿಟ್ಟ ಖಾಸಗಿ ಮಸೂದೆ, 5 ಲಕ್ಷ ಮೀರಿ ಖರ್ಚು ಮಾಡುವವರು ಅದರ ಶೇ 10ರಷ್ಟನ್ನು ಬಡ ಹೆಣ್ಣುಮಕ್ಕಳ ಮದುವೆಗೆ ಕೊಡಬೇಕೆಂದಿತ್ತು. ಅದು ಕಾಯ್ದೆಯಾಗಲಿಲ್ಲ, ಆಗಿದ್ದರೂ ಛತ್ರದವರು ಎರಡು ರಸೀದಿ ಪುಸ್ತಕ ಇಡುತ್ತಿದ್ದರು, ಅಷ್ಟೇ. ಮದುವೆ ದೊಡ್ಡ ವ್ಯಾಪಾರ, ವಿದೇಶದಲ್ಲಿ ಬೇಡ ಇಲ್ಲೇ ಮಾಡಿ ಎಂದು 2023ರಲ್ಲಿ ಸಿರಿವಂತರಿಗೆ ಕರೆ ಕೊಟ್ಟವರು ಸ್ವತಃ ಪ್ರಧಾನಿ.

ಬೇರೆ ದಾರಿ ಇರಲಿಲ್ಲವೆಂದೇನಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ಕ್ರಮದಲ್ಲಿ, ಪುರೋಹಿತರೂ ಅದ್ದೂರಿಯೂ ಇಲ್ಲದೆ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದುಬಂದಿದೆ. ಎರಡನ್ನೂ ನಾವು ಹೊಗಳುತ್ತೇವೆ; ಮೊದಲನೆಯದು ಸಾಹಿತಿಗಳಿಗೆ, ಎರಡನೆಯದು ಬಡವರಿಗೆ ಎಂದು ಮನಸ್ಸಿನಲ್ಲೇ ವಿಂಗಡಿಸಿಟ್ಟಿದ್ದೇವೆ. ಬೆಳಗ್ಗೆ ಮಂತ್ರ ಮಾಂಗಲ್ಯ, ಸಂಜೆ ಎರಡು ಸಾವಿರ ಜನಕ್ಕೆ ಆರತಕ್ಷತೆ ಮಾಡುವ ಜಾಣರೂ ನಮ್ಮಲ್ಲಿದ್ದಾರೆ.

ಎಲ್ಲರೂ ಸರಳವಾಗಿ ಮದುವೆಯಾಗಿ ಎಂದು ನಾನು ಉಪದೇಶ ಮಾಡಲಾರೆ. ಸಡಗರ ಬೇಕಾದವರು ಮಾಡಿಕೊಳ್ಳಲಿ. ಜಾತಿ ಸಮಾಜಗಳಿಗೆ ಕಟ್ಟಳೆ ಬರೆಯುವ ಹುಮ್ಮಸ್ಸು ಇದ್ದರೆ ಒಂದೇ ಒಂದು ಬರೆಯಲಿ: ಮದುವೆಯ ಖರ್ಚು ಎರಡೂ ಮನೆಗೆ ಸರಿಪಾಲು, ಛತ್ರಕ್ಕೆ ಮುಂಗಡ ಕೊಡುವ ದಿನವೇ ಗಂಡಿನ ಕಡೆಯವರೂ ಅರ್ಧ ಹಣ ತರಬೇಕು. ಜೇಬಿನಿಂದ ಹೋಗುವಾಗ ಇಪ್ಪತ್ತೈದು ಬಗೆ ತಾನಾಗಿ ಹನ್ನೆರಡಕ್ಕಿಳಿಯುತ್ತದೆ, ಡ್ರೋನು ಮನೆಗೆ ಹೋಗುತ್ತದೆ. ಗಂಡಿನವರು ಒಪ್ಪುವುದಿಲ್ಲ, ಸಂಬಂಧ ಮುರಿದುಹೋಗುತ್ತದೆ ಎಂದು ಹೆಣ್ಣು ಹೆತ್ತವರು ಹೆದರುತ್ತಾರೆ. ಹೋಗಲಿ ಬಿಡಿ. ಅವರು ಎಂಥವರೆಂದು ಧಾರೆಗೆ ಮೊದಲೇ ತಿಳಿಯಿತಲ್ಲ.