ಗರ್ಭಿಣಿಯ ಊಟ, ಮಗುವಿನ ರಕ್ತನಾಳ

ಹೇಮಗಿರಿಯ ದನಗಳ ಜಾತ್ರೆಗೆ ರಾಸು ಕಟ್ಟುವ ನಮ್ಮ ರೈತರು ಗಬ್ಬದ ಹಸುವಿಗೆ ಹಿಂಡಿ, ಬೂಸಾಗಳನ್ನು ಬೇರೆಯಾಗಿಯೇ ತೆಗೆದಿಡುತ್ತಾರೆ. ಅದೇ ಮನೆಯ ಬಸುರಿ ಸೊಸೆ ಎಲ್ಲರೂ ಉಂಡೆದ್ದ ಮೇಲೆ ಉಳಿದ ಮುದ್ದೆಯನ್ನು ತಿಳಿಸಾರಿನಲ್ಲಿ ಉಣ್ಣುತ್ತಾಳೆ. ಕರೆದ ಹಾಲೆಲ್ಲ ಡೈರಿ ಸೇರಿರುತ್ತದೆ. ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಅವಳ ಊಟವನ್ನು ಬೇಕೆಂದೇ ತಗ್ಗಿಸುವ ಹಿರಿಯರನ್ನೂ ನಾವು ಕಂಡಿದ್ದೇವೆ. ಈ ರೂಢಿಯ ಫಲ ಐವತ್ತು ವರ್ಷಗಳ ನಂತರ ಆ ಮಗುವಿನ ಹೃದಯದಲ್ಲಿ ಕಾಣಿಸಿಕೊಳ್ಳಬಹುದೆಂಬುದಕ್ಕೆ ಸಾಕ್ಷ್ಯ ನಮ್ಮ ಮೈಸೂರಿನಲ್ಲೇ ಇದೆ.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. 1954ರವರೆಗೆ ಅಲ್ಲಿ ಜನಿಸಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಕೇವಲ 3. ಹಾಗೆ ಸಣ್ಣಗೆ ಹುಟ್ಟಿದವರ ತಾಯಿಯೂ ಗರ್ಭಿಣಿಯಾಗಿದ್ದಾಗ 45 ಕಿಲೋ ತೂಗದಿದ್ದಲ್ಲಿ ನೂರಕ್ಕೆ 20!

ಗರ್ಭಿಣಿಯ ಆಹಾರರಸವು ಅವಳ ಶರೀರಕ್ಕೆ, ಸ್ತನ್ಯಕ್ಕೆ, ಗರ್ಭವೃದ್ಧಿಗೆ ಎಂದು ಮೂರು ಪಾಲಾಗುವುದನ್ನು ಚರಕಸಂಹಿತೆಯ ಶಾರೀರಸ್ಥಾನ ತಿಳಿಸುತ್ತದೆ. ರಸವೇ ಸಾಲದಿದ್ದರೆ ಪಾಲುಗಳು ಸೊರಗಲೇಬೇಕು. ಪೋಷಣೆ ಸಾಲದ ಭ್ರೂಣವು ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ, ಮೂತ್ರಪಿಂಡಾದಿಗಳಿಗೆ ರಕ್ತ ಕಡಿಮೆಯಾಗುತ್ತದೆ ಎನ್ನುತ್ತದೆ ಆಧುನಿಕ ವೈದ್ಯ. ಅಪಧಮನಿಗಳಿಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಎಂಬ ಪ್ರೋಟೀನು ಬಹುಮಟ್ಟಿಗೆ ಗರ್ಭದಲ್ಲಿ ಮತ್ತು ಎಳೆತನದಲ್ಲಿ ಮಾತ್ರ ಕೂಡುವಂಥದು. ಆಗ ಕೊರತೆಯಾದರೆ ನಾಳಗಳು ಬೇಗ ಬಿರುಸಾಗಿ ರಕ್ತದೊತ್ತಡ ಏರಲು ಹಾದಿಯಾಗುತ್ತದೆಂಬುದು ವಿಜ್ಞಾನಿಗಳ ವಿವರಣೆ.

ಶತಾವರಿ ಲೇಹ್ಯ ಕೇಳಿಕೊಂಡು ಬರುವ ಅತ್ತೆಯರಿಗೆ ನಾವು ಮೊದಲು ಊಟದ ವಿಚಾರವನ್ನೇ ಕೇಳುತ್ತೇವೆ. ಹಸಿದ ಹೊಟ್ಟೆಗೆ ಲೇಹ್ಯ ಪರಿಹಾರವಲ್ಲ. ಆಸ್ಪತ್ರೆಯ ಕಬ್ಬಿಣಾಂಶದ ಮಾತ್ರೆಯನ್ನೂ ಬಿಡಬಾರದು. ಮೊಟ್ಟೆ, ಮಾಂಸ ಮುಟ್ಟದ ನಮ್ಮ ಮನೆಗಳಲ್ಲಿ ಬಿ12 ಜೀವಸತ್ವಕ್ಕೆ ಹಾಲು, ಮೊಸರುಗಳೇ ಮುಖ್ಯ ಆಧಾರ. ಆದ್ದರಿಂದ ಡೈರಿಗೆ ಹೊರಡುವ ಕ್ಯಾನಿನಿಂದ ದಿನಕ್ಕೆ ಅರ್ಧ ಲೀಟರ್ ಅವಳಿಗೆಂದು ತೆಗೆದಿಡಿ. 2017ರ ಅಕ್ಟೋಬರಿನಿಂದ ರಾಜ್ಯದಾದ್ಯಂತ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟಕ್ಕೆ ಸೊಸೆಯನ್ನು ಕಳುಹಿಸಲು ಕೆಲವರಿಗೆ ಸಂಕೋಚ. ಮಠದ ದಾಸೋಹದಲ್ಲಿ ಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸುವ ನಮಗೆ ಇದೆಂಥ ಸಂಕೋಚ?

ಸೀಮಂತದವರೆಗೆ ಕಾಯುವುದೂ ತಡವೇ. ಮದುವೆಯಾಗಿ ಬಂದ ದಿನದಿಂದಲೇ ಅವಳು ಎಲ್ಲರ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಇನ್ನು, ತಾವೇ ಸಣ್ಣಗೆ ಹುಟ್ಟಿದವರು ಹೆದರಬೇಕಿಲ್ಲ. ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಂಡು, ಹೊಗೆಸೊಪ್ಪಿನಿಂದ ದೂರವಿದ್ದರೆ ಬಹಳಷ್ಟನ್ನು ತಡೆಯಬಹುದು.