ಜಾನ್ ಬ್ರೌನ್: ಧರ್ಮವೂ ಖಡ್ಗವೂ

ಗುರಿಯು ನಿರ್ಮಲವಾಗಿದ್ದರೆ ಮಾರ್ಗದ ಮಾಲಿನ್ಯವನ್ನು ಮನ್ನಿಸಬಹುದೇ? ಅಮೆರಿಕದ ಜಾನ್ ಬ್ರೌನನ ಚರಿತ್ರೆಯು ಈ ಪ್ರಶ್ನೆಯನ್ನು ನಿಷ್ಠುರವಾಗಿ ಮುಂದಿಡುತ್ತದೆ.

1800ರಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿ ಜನಿಸಿದ ಬ್ರೌನನು ಚರ್ಮ ಹದಮಾಡುವ ವೃತ್ತಿಯವನು. ಕಟ್ಟುನಿಟ್ಟಿನ ಕ್ರೈಸ್ತ ಮನೆತನದ ಕುಡಿ. ಮನುಷ್ಯನು ಮನುಷ್ಯನನ್ನು ಕ್ರಯಕ್ಕೆ ಕೊಳ್ಳುವುದು ದೈವದ್ರೋಹವೆಂಬುದು ಅವನ ಅಚಲವಾದ ನಂಬುಗೆ. ದಾಸ್ಯವಿರೋಧಿ ಪತ್ರಿಕಾಸಂಪಾದಕನಾದ ಎಲೈಜಾ ಲವ್‌ಜಾಯ್ 1837ರಲ್ಲಿ ದೊಂಬಿಗಾರರಿಂದ ಹತನಾದಾಗ, ಆ ದುಷ್ಟಪದ್ಧತಿಯ ನಾಶಕ್ಕಾಗಿ ತನ್ನ ಬಾಳನ್ನೇ ಮುಡಿಪಿಡುವುದಾಗಿ ಅವನು ಪ್ರಾರ್ಥನಾಸಭೆಯಲ್ಲಿ ಶಪಥಗೈದನು.

ಆ ಶಪಥವು ಕಾಲಕ್ರಮದಲ್ಲಿ ಖಡ್ಗವನ್ನು ಹಿಡಿಯಿತು. 1856ರ ಮೇ ತಿಂಗಳ ಒಂದು ರಾತ್ರಿ, ಕ್ಯಾನ್ಸಾಸ್ ಸೀಮೆಯ ಪಾಟವಾಟಮಿ ಹಳ್ಳದ ಬಳಿ, ಅವನ ತಂಡವು ದಾಸ್ಯಪಕ್ಷದ ಐವರನ್ನು ಮನೆಗಳಿಂದ ಹೊರಡಿಸಿ ಕೊಂದಿತು. ಆ ಐವರಲ್ಲಿ ಒಬ್ಬನಾದರೂ ಗುಲಾಮರ ಒಡೆಯನಾಗಿರಲಿಲ್ಲ. ಬಳಿಕ 21 ಮಂದಿ ಅನುಯಾಯಿಗಳ ಪಡೆ ಕಟ್ಟಿ, 1859ರ ಅಕ್ಟೋಬರ್ 16ರಂದು, ವರ್ಜೀನಿಯದ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರವನ್ನು ವಶಪಡಿಸಿಕೊಂಡನು. ತಾನೇ ದಾಸ್ಯದಿಂದ ಪಾರಾಗಿ ಬಂದಿದ್ದ ಫ್ರೆಡರಿಕ್ ಡಗ್ಲಾಸನು, ಅದು ಹೊಕ್ಕವರು ಹೊರಬರಲಾಗದ ಬೋನೆಂದು ಮೊದಲೇ ಎಚ್ಚರಿಸಿದ್ದನು. ದಾಳಿಗೆ ಮೊದಲು ಬಲಿಯಾದವನು ಹೇವರ್ಡ್ ಶೆಫರ್ಡ್ ಎಂಬ ಸ್ವತಂತ್ರ ಕಪ್ಪುವರ್ಣದ ರೈಲ್ವೆ ನೌಕರ. ಯಾರ ಬಿಡುಗಡೆಗೆಂದು ಆಯುಧವೆತ್ತಿದನೋ ಅವರ ಕುಲದವನ ನೆತ್ತರೇ ಮೊದಲು ಹರಿಯಿತು! ಬ್ರೌನನ ಇಬ್ಬರು ಪುತ್ರರೂ ಅಲ್ಲಿ ಗುಂಡಿಗೆ ತುತ್ತಾದರು. ಅವನು ಸೆರೆಸಿಕ್ಕಿ ಡಿಸೆಂಬರ್ 2ರಂದು ಗಲ್ಲಿಗೇರಿದನು.

ಇವನನ್ನು ಉನ್ಮತ್ತನೆಂದು ತಳ್ಳಿಹಾಕುವುದು ಸುಲಭ. ಆದರೆ ಅಂದು ಆ ದೇಶದಲ್ಲಿ ಸುಮಾರು 40 ಲಕ್ಷ ಜನರು ದಾಸ್ಯದಲ್ಲಿ ನರಳುತ್ತಿದ್ದರು. ತಾಯಿಯಿಂದ ಮಗುವನ್ನು ಅಗಲಿಸಿ ಮಾರುವುದಕ್ಕೆ ಶಾಸನದ ರಕ್ಷಣೆಯಿತ್ತು. ಆ ನಿತ್ಯಹಿಂಸೆಯನ್ನು ಶಾಂತಿಯೆಂದು ಕರೆದು, ಬ್ರೌನನ ಹಿಂಸೆಯೊಂದನ್ನೇ ದೂಷಿಸುವುದು ನ್ಯಾಯವಲ್ಲ. ಹಾಗೆಂದು ಪಾಟವಾಟಮಿಯ ರಕ್ತವು ಪವಿತ್ರವೂ ಆಗದು. ದಾಸ್ಯವು ತಪ್ಪೆಂಬುದರಲ್ಲಿ ಬ್ರೌನನೊಡನೆ ಒಮ್ಮತವಿದ್ದ ಲಿಂಕನ್ನನೂ ಆ ರಕ್ತಪಾತವನ್ನು ಸಮರ್ಥಿಸಲಿಲ್ಲ.

ನಾಡಿನ ಪಾಪವು ರಕ್ತದಿಂದಲ್ಲದೆ ತೊಳೆದುಹೋಗದೆಂದು ಬ್ರೌನನು ಮರಣದಿನದಂದು ಬರೆದಿಟ್ಟನು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕ ಜನರು ಮಡಿದ ಮೇಲೆಯೇ ದಾಸ್ಯವು ಶಾಸನದಿಂದ ಅಳಿಯಿತು. ಭವಿಷ್ಯವಾಣಿಯು ಫಲಿಸಿತೆಂಬ ಮಾತ್ರಕ್ಕೆ ಕೃತ್ಯವು ಧರ್ಮ್ಯವಾಗುವುದಿಲ್ಲ. ಸಜ್ಜನರು ತಡಮಾಡಿದ ನ್ಯಾಯಕ್ಕೆ ತೆರಬೇಕಾದ ಬೆಲೆಯನ್ನಷ್ಟೇ ಅದು ತೋರಿಸುತ್ತದೆ. ಅನ್ಯಾಯವನ್ನು ಕಂಡು ಕುದಿಯದ ಹೃದಯವು ಕಲ್ಲು. ಕುದಿಯುತ್ತ ವಿವೇಕವನ್ನು ನೀಗಿದ ಹೃದಯವು ಕಾಳ್ಗಿಚ್ಚು. ವಿದ್ಯಾರ್ಥಿಗಳು ಬ್ರೌನನಿಂದ ಕಲಿಯಬೇಕಾದುದು ಅವನ ಕುದಿತವನ್ನು; ಕಲಿಯಬಾರದುದು ಅವನ ಖಡ್ಗವನ್ನು.